ಐದು ವೋಲ್ಟಿನ ಋಣ

ಹಳೆಯ ಕಂಪ್ಯೂಟರ್ ಕೆಟ್ಟು ಕೂತಿದೆ ಎಂದರೆ ಜನ ಮೊದಲು ಅನುಮಾನ ಪಡುವುದು ಅದರ ಮಿದುಳಿನ ಮೇಲೆ. ಪ್ರೊಸೆಸರ್ ಹೋಗಿರಬೇಕು, ಮೆಮೊರಿ ಚಿಪ್ಪು ಸುಟ್ಟಿರಬೇಕು, ನಲವತ್ತು ವರ್ಷದ ಹಿಂದಿನ ಚಿಪ್ಪು ಈಗ ಎಲ್ಲಿ ಸಿಕ್ಕೀತು ಎಂದು ತಾವೇ ತೀರ್ಪು ಕೊಟ್ಟುಕೊಂಡು ಗುಜರಿಯವನಿಗೆ ಹೇಳಿ ಕಳಿಸುತ್ತಾರೆ. ನಾನು ಬಿಚ್ಚಿ ನೋಡಿದ ಯಂತ್ರಗಳಲ್ಲಿ ಮಿದುಳು ಬಹುಮಟ್ಟಿಗೆ ಗಟ್ಟಿಯಾಗಿಯೇ ಇತ್ತು. ಸೋತಿದ್ದು ಅದಕ್ಕೆ ಕರೆಂಟು ಉಣಿಸುವ ತಗಡಿನ ಡಬ್ಬಿ. ಮದುವೆಮನೆಯಲ್ಲಿ ಉಂಡವರು ವಧೂವರರನ್ನು ಹರಸಿ ಹೋಗುತ್ತಾರೆ, ಹಿತ್ತಲ ಒಲೆಯ ಮುಂದೆ ಬೆಳಗಿನ ಜಾವದಿಂದ ಬೆಂದ ಅಡುಗೆಯವರ ಮುಖವನ್ನು ಯಾರೂ ನೋಡಿರುವುದಿಲ್ಲ. ಪವರ್ ಸಪ್ಲೈಯ ಬಾಳೂ ಅಂಥದೇ. ಜಾಹೀರಾತಿನಲ್ಲಿ ಅದರ ಮಾತಿಲ್ಲ, ಕಂಪ್ಯೂಟರಿನ ಚರಿತ್ರೆ ಬರೆದವರೂ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ಕೆಟ್ಟಾಗ ಮಾತ್ರ ಅದಿತ್ತು ಎಂಬುದು ನೆನಪಾಗುತ್ತದೆ.

ನನಗೆ ಈ ಡಬ್ಬಿಯ ಮೇಲೆ ಪ್ರೀತಿ ಹುಟ್ಟಿದ್ದು ಸೋದರಮಾವನಿಂದ. ಮಾವ ಶಿವಮೊಗ್ಗದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ವಾಲ್ವ್ ರೇಡಿಯೋ ಕಾಲದವರು. ಯಾವ ರೇಡಿಯೋ ಬಂದರೂ, ಅದಕ್ಕೆ ಏನೇ ರೋಗವಿದೆ ಎಂದು ತಂದವರು ಹೇಳಿದರೂ, ಅವರು ಮೊದಲು ಮುಟ್ಟುತ್ತಿದ್ದದ್ದು ಪವರ್ ಸಪ್ಲೈಯ ಕಂಡೆನ್ಸರನ್ನು. "ವೋಲ್ಟೇಜ್ ಸರಿ ಇಲ್ದೆ ಮಿಕ್ಕಿದ್ದು ನೋಡಿದ್ರೆ ಸುಳ್ಳೇ ಕಾಣೋದು ಕಣೋ," ಅನ್ನುತ್ತಿದ್ದರು. ನಮ್ಮ ಮೇನ್ಸ್ ಸೆಕೆಂಡಿಗೆ 50 ಸಲ ತಿರುಗುವ ಕರೆಂಟು. ಅದನ್ನು ಪೂರ್ತಿಯಾಗಿ ರೆಕ್ಟಿಫೈ ಮಾಡಿದರೆ, ಅಂದರೆ ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದರೆ, 100 ಏರಿಳಿತಗಳು ಉಳಿಯುತ್ತವೆ. ಕರೆಂಟನ್ನು ತುಂಬಿಟ್ಟುಕೊಂಡು ಬಿಡುತ್ತ ಅವನ್ನು ಸಮ ಮಾಡುವುದು ಫಿಲ್ಟರ್ ಕಂಡೆನ್ಸರಿನ ಕೆಲಸ. ಅದು ಒಣಗಿದರೆ ಆಕಾಶವಾಣಿ ಭದ್ರಾವತಿಯ ವಾರ್ತೆಯ ಹಿಂದೆ ಗುಂಯ್ ಎನ್ನುವ ಒಂದು ಸ್ವರ ಬಿಡದೆ ಕೇಳುತ್ತಿತ್ತು. ಮಾವನಿಗೆ ಮೀಟರ್ ಬೇಕಾಗುತ್ತಿರಲಿಲ್ಲ. ಆ ಸ್ವರದ ದಪ್ಪ ಕೇಳಿಯೇ ಯಾವ ಕಂಡೆನ್ಸರ್ ಎಂದು ಹೇಳುತ್ತಿದ್ದರು. ನಾನು ಕಪಾಸಿಟರ್ ಅಂತ ಓದಿಕೊಂಡದ್ದು ಆಮೇಲೆ ಕಾಲೇಜಿನಲ್ಲಿ. ಬೆಂಚಿನ ಮುಂದೆ ಕೂತಾಗ ಇವತ್ತಿಗೂ ಬಾಯಿಗೆ ಬರುವುದು ಮಾವನ ಮಾತೇ.

ಈಗ ಹೇಳಹೊರಟಿರುವುದು ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರಿನ ಸಂಗತಿ. ಎಂಬತ್ತರ ದಶಕದಲ್ಲಿ ಶಾಲೆ ಓದಿದ ಕೆಲವರಿಗಾದರೂ ಇದು ಗೊತ್ತಿರುತ್ತದೆ. ಕೆನೆಬಣ್ಣದ ಅಗಲವಾದ ಪೆಟ್ಟಿಗೆ, ಕಪ್ಪು ಕೀಬೋರ್ಡು, ಅದರ ಮೇಲುಸಾಲಿನಲ್ಲಿ ಕಿತ್ತಳೆಗೆಂಪು ಬಣ್ಣದ ಕೀಲಿಗಳು. ಬ್ರಿಟನ್ನಿನ ಜನಕ್ಕೆ ಕಂಪ್ಯೂಟರ್ ಕಲಿಸಬೇಕೆಂದು ಬಿಬಿಸಿ ಟಿವಿ ಕಾರ್ಯಕ್ರಮವೊಂದನ್ನು ಯೋಜಿಸಿತು, ಜೊತೆಗೆ ಮನೆಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಂದು ಯಂತ್ರವೂ ಬೇಕೆಂದಿತು. ಕೇಂಬ್ರಿಜ್‌ನ ಏಕಾರ್ನ್ ಎಂಬ ಚಿಕ್ಕ ಕಂಪನಿಗೆ ಆ ಕೆಲಸ ಸಿಕ್ಕಿತು. ಅಲ್ಲಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಒಂದು ವಾರದೊಳಗೆ ಮಾದರಿ ಯಂತ್ರವನ್ನು ನಿಲ್ಲಿಸಿ ಬಿಬಿಸಿಯವರಿಗೆ ತೋರಿಸಿದ್ದು ಕಂಪ್ಯೂಟರ್ ಲೋಕದಲ್ಲಿ ಈಗಲೂ ಹೇಳಿಕೊಳ್ಳುವ ಕತೆ. 1981ರ ಡಿಸೆಂಬರಿನಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. 2 ಮೆಗಾಹರ್ಟ್ಸ್‌ನಲ್ಲಿ ಓಡುವ 6502 ಪ್ರೊಸೆಸರ್, ಮಾಡೆಲ್ ಬಿ ಯಲ್ಲಿ 32 ಕೆ ಮೆಮೊರಿ. ಸುಮಾರು 12,000 ಮಾರಾಟವಾದೀತು ಎಂದುಕೊಂಡಿದ್ದರು, 15 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು.

ನಮ್ಮ ದೇಶಕ್ಕೆ ಅದು ಬಂದದ್ದು ಸರಕಾರಿ ಯೋಜನೆಯ ಬೆನ್ನೇರಿ. 1984-85ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಎಂಬ ಹೆಸರಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತರಲು ಹೊರಟಾಗ ಆರಿಸಿಕೊಂಡದ್ದು ಇದೇ ಬಿಬಿಸಿ ಮೈಕ್ರೊವನ್ನು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಎಂಬ ಸರಕಾರಿ ಕಾರ್ಖಾನೆ ಪರವಾನಗಿ ಪಡೆದು ಇದನ್ನೇ 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು. ಆ ಕಾರ್ಖಾನೆ 1989ರಲ್ಲಿ ಬೆಂಕಿಗೆ ಆಹುತಿಯಾದದ್ದು ಭಾರತದ ಚಿಪ್ ಉದ್ಯಮಕ್ಕೆ ಬಿದ್ದ ದೊಡ್ಡ ಪೆಟ್ಟು. ಅದನ್ನು ಬರೆಯಹೊರಟರೆ ಬೇರೆಯದೇ ಪ್ರಬಂಧವಾದೀತು. ಶಾಲೆಗಳಲ್ಲಿ ಈ ಯಂತ್ರಗಳಿಗೆ ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ, ಬಾಗಿಲ ಹೊರಗೆ ಚಪ್ಪಲಿ. ಮಕ್ಕಳು ಸರದಿಯಲ್ಲಿ ಒಳಗೆ ಹೋಗಿ ತಮ್ಮ ಹೆಸರನ್ನು ಪರದೆಯ ತುಂಬ ಬರೆಸಿ ಹೊರಗೆ ಬರುತ್ತಿದ್ದರು. ಕೆಲವು ವರ್ಷಕ್ಕೆ ಪೀಸಿಗಳು ಬಂದವು, ಬಿಬಿಸಿಗಳು ಪ್ರಯೋಗಶಾಲೆಯ ಕಪಾಟಿನ ಮೇಲೇರಿದವು.

ಮಲೆನಾಡಿನ ಶಾಲೆಯೊಂದರಲ್ಲಿ ಹಾಗೆ ಮೇಲೇರಿ ಕೂತಿದ್ದ ಒಂದನ್ನು ಮುಖ್ಯೋಪಾಧ್ಯಾಯಿನಿಯವರು ಇಳಿಸಿದರು. ಕಟ್ಟಡ ದುರಸ್ತಿಗೆಂದು ಸಾಮಾನು ಖಾಲಿ ಮಾಡುವಾಗ ಸಿಕ್ಕಿದ್ದಂತೆ. ಅವರು ಅದೇ ಶಾಲೆಯ ಹಳೆಯ ವಿದ್ಯಾರ್ಥಿನಿ. ಅದರ ಮೇಲೆ ಕಲಿತವರು. ಗುಜರಿಗೆ ಹಾಕಲು ಮನಸ್ಸು ಬಾರದೆ ನನಗೆ ಫೋನ್ ಮಾಡಿದರು. "ಪ್ಲಗ್ ಹಾಕಿ ನೋಡಲಾ ಸಾರ್? ದೀಪ ಹತ್ತುತ್ತೋ ಇಲ್ವೋ ಹೇಳ್ತೀನಿ," ಅಂದರು.

"ದಯವಿಟ್ಟು ಬೇಡ ಮೇಡಂ. ನಾನು ಬರುವವರೆಗೆ ಅದನ್ನು ಮುಟ್ಟಲೇಬೇಡಿ," ಅಂದೆ.

ಹೀಗೆ ಅವಸರದಿಂದ ತಡೆದದ್ದಕ್ಕೆ ಕಾರಣವಿದೆ. ಆ ಕಾಲದ ಪವರ್ ಸಪ್ಲೈಗಳ ಬಾಗಿಲಲ್ಲೇ, ಅಂದರೆ ಮೇನ್ಸ್ ಒಳಗೆ ಬರುವ ಜಾಗದಲ್ಲೇ, ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಒಂದೆರಡು ಕಂಡೆನ್ಸರುಗಳಿರುತ್ತವೆ. ಎಕ್ಸ್ ದರ್ಜೆಯವು ಎನ್ನುತ್ತಾರೆ. ಯಂತ್ರದ ಒಳಗೆ ಹುಟ್ಟುವ ಗದ್ದಲ ಮನೆಯ ವೈರಿಂಗಿಗೆ ಹರಿದು ಪಕ್ಕದ ರೇಡಿಯೋ ಟಿವಿಗಳನ್ನು ಕೆಡಿಸದಿರಲಿ ಎಂದು ಇಟ್ಟಿದ್ದು. ಎಂಬತ್ತರ ದಶಕದಲ್ಲಿ ಇವನ್ನು ಲೋಹದ ತೆಳು ಲೇಪವಿರುವ ಕಾಗದವನ್ನು ಸುತ್ತಿ, ಪಾರದರ್ಶಕವಾದ ಜೇನುಬಣ್ಣದ ರಾಳದಲ್ಲಿ ಮುಳುಗಿಸಿ ಮಾಡುತ್ತಿದ್ದರು. ನೋಡಲು ಬಹಳ ಚೆಂದ. ಒಳಗೆಲ್ಲಾದರೂ ಒಂದು ಚುಕ್ಕೆಯಷ್ಟು ಜಾಗದಲ್ಲಿ ಕಾಗದ ಸೋತರೆ ಆ ಜಾಗದ ಲೋಹದ ಲೇಪ ಆವಿಯಾಗಿ ಹೋಗಿ ಗಾಯ ತಾನೇ ಮಾಯುತ್ತದೆ. ತಯಾರಿಸಿದವರ ಎಣಿಕೆ ಚೆನ್ನಾಗಿಯೇ ಇತ್ತು. ಆದರೆ ವರ್ಷಗಳು ಕಳೆದಂತೆ ರಾಳ ಸೀಳಿತು. ಕೂದಲೆಳೆಯಷ್ಟು ಸೀಳಿನಿಂದ ಗಾಳಿಯ ತೇವ ಒಳಗೆ ಹೋಗುತ್ತದೆ, ಕಾಗದ ಅದನ್ನು ಹೀರಿ ಉಬ್ಬುತ್ತದೆ, ಉಬ್ಬಿದಷ್ಟೂ ಸೀಳು ಅಗಲವಾಗುತ್ತದೆ. ಹೀಗಾದದ್ದಕ್ಕೆ ಮೇನ್ಸ್ ಕೊಟ್ಟರೆ ಕೆಲವು ನಿಮಿಷ ಸುಮ್ಮನಿದ್ದು, ಒಳಗೇ ಕಾದು, ಪಟ್ ಎಂದು ಒಡೆದು ದಟ್ಟ ಹೊಗೆ ಉಗುಳುತ್ತದೆ. ಆ ಹೊಗೆಯ ಘಾಟು ಬಟ್ಟೆಗೆ ಹತ್ತಿದರೆ ಬೇಗ ಬಿಡುವುದಿಲ್ಲ.

ಬಳಸುವ ಯಂತ್ರ ಸವೆಯುತ್ತದೆ, ಎತ್ತಿಟ್ಟದ್ದು ಹಾಗೇ ಉಳಿಯುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ನಡೆಯುವುದಿಲ್ಲ. ದಿನಾ ಓಡುವ ಯಂತ್ರದ ಒಳಗೆ ಸ್ವಲ್ಪ ಬಿಸಿ ಇರುತ್ತದೆ, ತೇವ ನಿಲ್ಲುವುದಿಲ್ಲ. ಕಪಾಟಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಇಟ್ಟ ಯಂತ್ರ ಒಂದೊಂದು ಮಳೆಗಾಲದಲ್ಲೂ ಒಂದಿಷ್ಟು ತೇವ ಕುಡಿಯುತ್ತದೆ. ಮಲೆನಾಡಿನ ಮಳೆಗಾಲವೆಂದರೆ ಉಪ್ಪಿನ ಭರಣಿಯೂ ನೀರಾಡುವ ಕಾಲ. ಹಾಗಾಗಿ ಜೋಪಾನವಾಗಿ ಇಟ್ಟ ಯಂತ್ರಕ್ಕೇ ಅಪಾಯ ಹೆಚ್ಚು. ಪ್ರೀತಿಯಿಂದ ಇಳಿಸಿ, ಧೂಳು ಒರೆಸಿ, ಎಲ್ಲರನ್ನೂ ಕರೆದು ಪ್ಲಗ್ ಹಾಕುವ ಗಳಿಗೆಯಲ್ಲೇ ಅದು ಹೊಗೆಯಾಡುತ್ತದೆ. ಬಹಳ ಮಂದಿ ಅಲ್ಲಿಗೆ ಯಂತ್ರದ ಕತೆ ಮುಗಿಯಿತೆಂದುಕೊಳ್ಳುತ್ತಾರೆ. ನಿಜವೆಂದರೆ ಆ ಕಂಡೆನ್ಸರ್ ಬರೀ ಗದ್ದಲ ತಡೆಯುವ ಕಾವಲು. ಅದು ಸಿಡಿದ ಮೇಲೂ ಎಷ್ಟೋ ಯಂತ್ರಗಳು ಏನೂ ಆಗದಂತೆ ಓಡುತ್ತಲೇ ಇರುತ್ತವೆ. ಹೊಗೆ ನೋಡಿ ಹೆದರಿ ಎಸೆದವರು ಸುಸ್ಥಿತಿಯ ಕಂಪ್ಯೂಟರನ್ನೇ ಎಸೆದಿರುತ್ತಾರೆ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಿಬಿಸಿ ಮೈಕ್ರೊವನ್ನು ಬಿಚ್ಚುವುದು ಸುಲಭ. ಮುಚ್ಚಳದ ಸ್ಕ್ರೂಗಳ ಪಕ್ಕದಲ್ಲಿ 'ಫಿಕ್ಸ್' ಎಂದು ಬರೆದಿರುತ್ತದೆ. ಹಿಂದೆ ಎರಡು, ಅಡಿಯಲ್ಲಿ ಎರಡು. ಮುಚ್ಚಳ ಎತ್ತಿದರೆ ಎಡಗಡೆ ಲೋಹದ ಡಬ್ಬಿ. ಅಲ್ಲಿಂದ ತಾಯಿಹಲಗೆಗೆ, ಅಂದರೆ ಮದರ್‌ಬೋರ್ಡಿಗೆ, ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ ತಂತಿ. ಕೆಂಪಿನಲ್ಲಿ 5 ವೋಲ್ಟು, ಕಪ್ಪು ಸೊನ್ನೆ, ನೇರಳೆ ಮೈನಸ್ 5. ಇಷ್ಟರಲ್ಲೇ ಆ ಇಡೀ ಕಂಪ್ಯೂಟರಿನ ಬದುಕು. ಹೊರಗಿನ ಡಿಸ್ಕ್ ಡ್ರೈವಿಗೆಂದು 12 ವೋಲ್ಟು ಬೇರೆ ಬರುತ್ತದೆ. ತಂತಿಗಳೆಲ್ಲ ಎಳೆದರೆ ಬರುವ ಕ್ಲಿಪ್ಪುಗಳು. ಎಳೆಯುವ ಮೊದಲು ಫೋಟೋ ತೆಗೆದುಕೊಳ್ಳಬೇಕು, ಏಕೆಂದರೆ ನೇರಳೆ ಹೋಗಬೇಕಾದಲ್ಲಿ ಕೆಂಪು ಹೋದರೆ ರಿಪೇರಿಗೆ ಬಂದವನೇ ಯಂತ್ರವನ್ನು ಕೊಂದಂತಾಗುತ್ತದೆ.

ಡಬ್ಬಿ ತೆರೆದಾಗ ಕಂಡದ್ದು ಎಣಿಸಿದ್ದೇ. ಜೇನುಬಣ್ಣದ ಎರಡೂ ಕಂಡೆನ್ಸರುಗಳ ಮೈತುಂಬ ಸೀಳು. ಒಂದಂತೂ ಉಬ್ಬಿ ಪಕ್ಕದ ತಂತಿಸುರುಳಿಗೆ ತಾಗಿಕೊಂಡಿತ್ತು. ಮೇಡಂ ಅವರಿಗೆ ಟಾರ್ಚ್ ಹಿಡಿದು ತೋರಿಸಿದೆ. ಇವೆರಡನ್ನು, ಮೇನ್ಸ್ ಕೊಟ್ಟು ನೋಡುವ ಗೋಜಿಗೇ ಹೋಗದೆ, ಮೊದಲು ತೆಗೆಯಬೇಕು. ಬದಲಿಗೆ ಈಗ ಸಿಗುವ ಪಾಲಿಪ್ರೊಪಿಲೀನ್ ಫಿಲ್ಮಿನವು ತೇವಕ್ಕೆ ಜಗ್ಗುವುದಿಲ್ಲ. ಎಕ್ಸ್2 ಎಂದು ಮೈಮೇಲೆ ಅಚ್ಚಾಗಿರಲೇಬೇಕು, ಎಸಿ 275 ವೋಲ್ಟಿಗೆ ಕಡಿಮೆ ಇರಬಾರದು. ಅಂಗಡಿಯವನು ಫ್ಯಾನಿನ ಸಾಮಾನ್ಯ ಕಂಡೆನ್ಸರ್ ತೋರಿಸಿ "ಇದೂ ನಡೆಯುತ್ತೆ" ಅಂದರೆ ಕೇಳಬೇಡಿ.

ಈ ಡಬ್ಬಿ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ಹೇಳಬೇಕು, ಅದರಲ್ಲಿ ಒಂದು ಸೊಗಸಿದೆ. ಮಾವನ ಕಾಲದ ಸಪ್ಲೈಯಲ್ಲಿ ಎತ್ತಲು ಭಾರವಾದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮೇನ್ಸನ್ನು ನೇರವಾಗಿ ಇಳಿಸುತ್ತಿತ್ತು; ಬೇಡದ ವೋಲ್ಟೇಜನ್ನು ರೆಗ್ಯುಲೇಟರ್ ಶಾಖವಾಗಿ ಚೆಲ್ಲುತ್ತಿತ್ತು. ಮೊಟ್ಟಮೊದಲ ಬಿಬಿಸಿ ಮೈಕ್ರೊಗಳಲ್ಲಿ ಇಂಥದೇ ಇತ್ತು, ವಿಪರೀತ ಕಾಯುತ್ತಿತ್ತು, ಆದ್ದರಿಂದ ಬೇಗನೆ ಸ್ವಿಚಿಂಗ್ ಮಾದರಿಗೆ ಬದಲಾಯಿಸಿದರು. ಸ್ವಿಚಿಂಗ್ ಸಪ್ಲೈ ನಡೆಯುವ ದಾರಿ ಬೇರೆ. ಮೇನ್ಸನ್ನು ಮೊದಲೇ ರೆಕ್ಟಿಫೈ ಮಾಡಿ ಸುಮಾರು 325 ವೋಲ್ಟಿನ ಡಿಸಿ ಮಾಡುತ್ತದೆ. ಅದನ್ನು ಒಂದು ಟ್ರಾನ್ಸಿಸ್ಟರು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಅಷ್ಟು ವೇಗದಲ್ಲಿ ಕತ್ತರಿಸಿದ್ದನ್ನು ಇಳಿಸಲು ಬೆಂಕಿಪೊಟ್ಟಣದಷ್ಟು ಫೆರೈಟ್ ಟ್ರಾನ್ಸ್‌ಫಾರ್ಮರ್ ಸಾಕು. ಹೊರಗೆ ಬಂದ ವೋಲ್ಟೇಜನ್ನು ಅಳೆದು, ಹೆಚ್ಚಾದರೆ ಕಡಿಮೆ ಹೊತ್ತು ತೆರೆ, ಕಡಿಮೆಯಾದರೆ ಹೆಚ್ಚು ಹೊತ್ತು ತೆರೆ ಎಂದು ಟ್ರಾನ್ಸಿಸ್ಟರಿಗೆ ಹೇಳುವ ಒಂದು ಸುತ್ತು ಬಿಡುವಿಲ್ಲದೆ ನಡೆಯುತ್ತದೆ. 1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಇಂಥ ಸಪ್ಲೈ ಮಾಡಿಕೊಟ್ಟದ್ದರಿಂದಲೇ ಆ ಯಂತ್ರ ಫ್ಯಾನಿಲ್ಲದೆ ಸದ್ದಿಲ್ಲದೆ ಓಡಿತು. ಆಪಲ್ ಎಂದಾಗ ಅದರ ಸ್ಥಾಪಕರಾದ ಜಾಬ್ಸ್ ಮತ್ತು ವಾಜ್ನಿಯಾಕ್ ನೆನಪಾಗುವಷ್ಟು ಹೋಲ್ಟ್ ನೆನಪಾಗುವುದಿಲ್ಲ. ಆಗಬೇಕು ಎಂದು ನನ್ನ ಅಭಿಪ್ರಾಯ.

ಎಲ್ಲ ಸಪ್ಲೈಗಳೂ ಕೆಡುವಾಗ ಒಂದೇ ರೀತಿ ಕೆಡುವುದಿಲ್ಲ. 1982ರಲ್ಲಿ ಬಂದ ಕಮೊಡೋರ್ 64 ಕಂಪ್ಯೂಟರಿನ ಹೊರಗಿನ ಸಪ್ಲೈ ಇಟ್ಟಿಗೆಯ ಆಕಾರದ್ದು; ಒಳಗೆಲ್ಲ ರಾಳ ತುಂಬಿ ಗಟ್ಟಿ ಮಾಡಿದ್ದರಿಂದ ಶಾಖ ಹೊರಗೆ ಹೋಗಲು ದಾರಿಯಿಲ್ಲ, ಬಿಚ್ಚಿ ರಿಪೇರಿ ಮಾಡಲೂ ದಾರಿಯಿಲ್ಲ. ಅದರ ರೆಗ್ಯುಲೇಟರ್ ಸೋತಾಗ 5 ವೋಲ್ಟು ಇಳಿಯುವ ಬದಲು ಏರುತ್ತದೆ, ಏರಿದ್ದು ಮೆಮೊರಿ ಚಿಪ್ಪುಗಳನ್ನು ಸುಟ್ಟುಬಿಡುತ್ತದೆ. ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರಿನದು ಇನ್ನೊಂದು ಬಗೆ. ಅದರ ಪ್ಲಗ್ಗಿನಲ್ಲಿ ನಡುವಿನ ತೂತೇ ಮೈನಸ್. ಈಗಿನ ಬಹುಪಾಲು ಅಡಾಪ್ಟರುಗಳಲ್ಲಿ ನಡುವೆ ಪ್ಲಸ್. ಮನೆಯಲ್ಲಿ ಬಿದ್ದಿದ್ದ ಯಾವುದೋ ಎಲಿಮಿನೇಟರನ್ನು ಚುಚ್ಚಿದರೆ ಮುಗಿಯಿತು. ಇವೆರಡಕ್ಕೆ ಹೋಲಿಸಿದರೆ ಬಿಬಿಸಿಯ ಡಬ್ಬಿ ಬಿಚ್ಚಬಹುದಾದದ್ದು, ಒಳಗಿನ ಒಂದೊಂದು ಭಾಗವೂ ಕೈಗೆ ಸಿಗುವಂಥದು. ರಿಪೇರಿ ಮಾಡುವವನಿಗೆ ಜಾಗ ಬಿಟ್ಟು ಯಂತ್ರ ಕಟ್ಟಿದವರನ್ನು ನಾನು ಮನಸಾರೆ ಗೌರವಿಸುತ್ತೇನೆ.

ಕಂಡೆನ್ಸರ್ ಬದಲಿಸಿದ ಮೇಲೆ ಡಬ್ಬಿಗೆ ಕರೆಂಟು ಕೊಟ್ಟು ನೋಡಬೇಕು. ತಾಯಿಹಲಗೆಗೆ ಜೋಡಿಸಿ ಅಲ್ಲ, ಒಂಟಿಯಾಗಿ. ನೇರವಾಗಿ ಮೇನ್ಸಿಗೂ ಅಲ್ಲ, ಸೀರೀಸ್ ಬೋರ್ಡಿನ ಮೂಲಕ. ನಮ್ಮ ಎಲೆಕ್ಟ್ರಿಷಿಯನ್ನರೆಲ್ಲರ ಬಳಿ ಇರುವ ಸಾಧನ ಇದು: ಒಂದು ಬಲ್ಬ್ ಹೋಲ್ಡರು, ಅದರ ಜೊತೆ ಸರಣಿಯಲ್ಲಿ ಒಂದು ಸಾಕೆಟ್ಟು. 60 ವ್ಯಾಟಿನ ಬಲ್ಬ್ ಹಾಕಿದರೆ, ಒಳಗೆ ಎಂಥ ಶಾರ್ಟ್ ಇದ್ದರೂ ಸುಮಾರು ಕಾಲು ಆಂಪಿಯರಿಗಿಂತ ಹೆಚ್ಚು ಹರಿಯದು. ಬಲ್ಬ್ ಪೂರ್ತಿ ಬೆಳಗಿ ಒಳಗೆ ಶಾರ್ಟ್ ಇದೆ ಎಂದು ಹೇಳುತ್ತದೆ, ಫ್ಯೂಸ್ ಹಾರುವುದಿಲ್ಲ, ಏನೂ ಸುಡುವುದಿಲ್ಲ. ಇದಕ್ಕೆ ಹಳೆಯ ತಂತಿಯ ಬಲ್ಬೇ ಬೇಕು, ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಇನ್ನೊಂದು ಮಾತು. ಬ್ರಿಟನ್ನಿನ ಪ್ಲಗ್ಗಿನ ಹೊಟ್ಟೆಯಲ್ಲೇ ಫ್ಯೂಸ್ ಇರುತ್ತದೆ. ಅವರು ಬಿಟ್ಟು ಮುಂದೆ ಹೋದ ಗುಂಡುಪಿನ್ನಿನ ಪ್ಲಗ್ಗನ್ನು ನಾವು ಇನ್ನೂ ಬಳಸುತ್ತಿದ್ದೇವೆ, ಅದರಲ್ಲಿ ಫ್ಯೂಸ್ ಇಲ್ಲ. ಅಲ್ಲಿನ ಯಂತ್ರ ಇಲ್ಲಿಗೆ ಬಂದಾಗ ಆ ಒಂದು ರಕ್ಷಣೆ ದಾರಿಯಲ್ಲೇ ಉದುರಿಹೋಯಿತು. ಹಾಗಾಗಿ ನಮ್ಮಲ್ಲಿ ಸೀರೀಸ್ ಬಲ್ಬಿಗೆ ಇನ್ನೂ ಹೆಚ್ಚಿನ ಬೆಲೆ.

ಸಪ್ಲೈಯ ಬಾಯಿಗೆ ಏನಾದರೂ ಹೊರೆಯೂ ಬೇಕು. ಹೊರೆಯಿಲ್ಲದೆ ಸ್ವಿಚಿಂಗ್ ಸಪ್ಲೈ ಕೊಡುವ ವೋಲ್ಟೇಜನ್ನು ನಂಬಲಾಗುವುದಿಲ್ಲ. ನಾನು ಕೆಂಪು ಕಪ್ಪು ತಂತಿಗಳಿಗೆ ಸ್ಕೂಟರಿನ 12 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಕಟ್ಟುತ್ತೇನೆ. 5 ವೋಲ್ಟಿನಲ್ಲಿ ಅದು ಮಂದವಾಗಿ ಉರಿಯುತ್ತ ಒಂದೂವರೆ ಎರಡು ಆಂಪಿಯರ್ ಎಳೆಯುತ್ತದೆ, ಕಂಪ್ಯೂಟರಿನ ಬದಲಿಗೆ ಅಷ್ಟು ಸಾಕು. ಸುಟ್ಟರೂ ಒಂದು ಬಲ್ಬ್ ಹೋದೀತು.

ಶಾಲೆಯ ಪ್ರಯೋಗಶಾಲೆಯ ಮೇಜಿನ ಮೇಲೆ ಇದನ್ನೆಲ್ಲ ಹರಡಿಕೊಂಡು ಸ್ವಿಚ್ ಹಾಕಿದೆ. ಸೀರೀಸ್ ಬಲ್ಬ್ ಒಮ್ಮೆ ಝಗ್ಗೆಂದು ಹೊಳೆದು ತಣ್ಣಗಾಯಿತು. ಅಂದರೆ ಒಳಗಿನ ದೊಡ್ಡ ಕಂಡೆನ್ಸರ್ ತುಂಬಿಕೊಂಡಿತು, ಶಾರ್ಟ್ ಇಲ್ಲ. ಆದರೆ ಸ್ಕೂಟರ್ ಬಲ್ಬ್ ಉರಿಯಲಿಲ್ಲ. ಡಬ್ಬಿಯೊಳಗಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು. ಮೀಟರಿನ ಮುಳ್ಳು ಒಂದೊಂದು ಟಿಕ್ಕಿಗೂ ಚೂರು ಎದ್ದು ಬೀಳುತ್ತಿತ್ತು. ಮೇಡಂ ಅವರ ಮುಖ ಬಾಡಿತು. ನನಗೆ ಸಮಾಧಾನವಾಯಿತು. ಟಿಕ್ ಎನ್ನುವ ಸಪ್ಲೈ ಸತ್ತಿಲ್ಲ. ಏಳಲು ಹೋಗಿ ಏಳಲಾಗದೆ ಕೂರುತ್ತಿದೆ. ಹೊರಗಡೆ ಶಾರ್ಟ್ ಇದ್ದರೂ ಹೀಗೇ ಟಿಕ್ಕೆನ್ನುತ್ತದೆ. ಆದರೆ ಇಲ್ಲಿ ಹೊರಗಿದ್ದದ್ದು ಬರೀ ಒಂದು ಬಲ್ಬ್. ದೋಷ ಸಪ್ಲೈಯಲ್ಲೋ ತಾಯಿಹಲಗೆಯಲ್ಲೋ ಎಂಬ ಗೊಂದಲವೇ ಇಲ್ಲ. ಸೀರೀಸ್ ಬಲ್ಬಿನಿಂದಲೂ ಒಮ್ಮೊಮ್ಮೆ ಹೀಗಾಗುತ್ತದೆ, ಏಕೆಂದರೆ ಸ್ವಿಚಿಂಗ್ ಸಪ್ಲೈ ಮೇನ್ಸ್ ಇಳಿದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಬಲ್ಬ್ ಕಾದು ಮೇನ್ಸನ್ನು ಇನ್ನೂ ಇಳಿಸುತ್ತದೆ. ಶಾರ್ಟ್ ಇಲ್ಲವೆಂದು ಖಾತರಿಯಾದ್ದರಿಂದ ಆ ಸೀರೀಸ್ ಬಲ್ಬನ್ನು ತೆಗೆದು, ಫ್ಯೂಸ್ ಇರುವ ಬೋರ್ಡಿಗೆ ಹಾಕಿ ನೋಡಿದೆ. ಟಿಕ್ ನಿಲ್ಲಲಿಲ್ಲ.

ಈ ಡಬ್ಬಿಯಲ್ಲಿ ಆಗ ಅನುಮಾನಿಸಬೇಕಾದದ್ದು ಒಂದು ಪುಟ್ಟ ಎಲೆಕ್ಟ್ರೊಲಿಟಿಕ್ ಕಂಡೆನ್ಸರನ್ನು. 220 ಮೈಕ್ರೊಫ್ಯಾರಡ್, ಬೆರಳ ತುದಿಯಷ್ಟು. ಟ್ರಾನ್ಸಿಸ್ಟರು ಕತ್ತರಿಸುವ ಕೆಲಸಕ್ಕೆ ಚಾಲನೆ ಸಿಗುವುದು ಇದರಿಂದ. ಬಿಬಿಸಿ ಸಪ್ಲೈ ರಿಪೇರಿ ಮಾಡುವವರೆಲ್ಲ ಆ ಎರಡು ಎಕ್ಸ್2 ಜೊತೆಗೆ ಇದೊಂದನ್ನೂ ಬದಲಿಸಿಬಿಡುತ್ತಾರೆ. ಪ್ಲಗ್ ಕಿತ್ತು, 325 ವೋಲ್ಟ್ ಹಿಡಿದಿಟ್ಟುಕೊಂಡಿರುವ ದೊಡ್ಡ ಕಂಡೆನ್ಸರನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಖಾಲಿಯಾಯಿತೆಂದು ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕಿದೆ. ಈ ಒಂದು ಹೆಜ್ಜೆಯಲ್ಲಿ ರಾಜಿಯಿಲ್ಲ. ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೂ ಅದು ಪ್ರಾಣ ತೆಗೆಯಬಲ್ಲದು. ಮಾವ ವಾಲ್ವ್ ರೇಡಿಯೋ ಮುಟ್ಟುವಾಗ ಎಡಗೈಯನ್ನು ಸೊಂಟಕ್ಕೆ ಕೊಟ್ಟುಕೊಂಡೇ ನಿಲ್ಲುತ್ತಿದ್ದರು. ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾಯಬಾರದು ಎಂದು. ನಾನೂ ಹಾಗೇ ನಿಲ್ಲುತ್ತೇನೆ.

ಪುಟ್ಟ ಕಂಡೆನ್ಸರನ್ನು ಬಿಚ್ಚಿ ಅಳೆದರೆ 220 ಇರಬೇಕಾದಲ್ಲಿ ಅರ್ಧವೂ ಇಲ್ಲ. ಎಲೆಕ್ಟ್ರೊಲಿಟಿಕ್ ಎಂದರೆ ಅಲ್ಯೂಮಿನಿಯಂ ಹಾಳೆ, ಅದರ ಮೈಮೇಲೆ ಬೆಳೆಸಿದ ಆಕ್ಸೈಡಿನ ಪದರ, ದ್ರವದಲ್ಲಿ ನೆನೆಸಿದ ಕಾಗದ. ರಬ್ಬರಿನ ಬಿರಡೆಯ ಸಂದಿಯಿಂದ ಆ ದ್ರವ ವರ್ಷಗಟ್ಟಲೆ ಆರುತ್ತಲೇ ಇರುತ್ತದೆ. ಹತ್ತು ಡಿಗ್ರಿ ತಣ್ಣಗಿಟ್ಟರೆ ಆಯುಷ್ಯ ಎರಡು ಪಟ್ಟು ಎಂಬುದು ಎಂಜಿನಿಯರುಗಳ ಲೆಕ್ಕ. ಅಂದರೆ ಬಿಸಿಯಾಗುವ ಭಾಗಗಳ ಪಕ್ಕದಲ್ಲಿ ಕೂತ ಕಂಡೆನ್ಸರ್ ಮೊದಲು ಸಾಯುತ್ತದೆ, ಮೂಲೆಯಲ್ಲಿ ತಂಪಾಗಿ ಕೂತದ್ದು ಬಾಳುತ್ತದೆ. ಇದನ್ನು ತಿಳಿದುಕೊಂಡರೆ ಯಾವ ಹಳೆಯ ಸಪ್ಲೈಯಲ್ಲಾದರೂ ಮೊದಲು ಎಲ್ಲಿ ನೋಡಬೇಕೆಂದು ಬೆರಳೇ ಹೇಳುತ್ತದೆ.

ಹೊಸದಕ್ಕಾಗಿ, ಎಲೆಕ್ಟ್ರಾನಿಕ್ ಬಿಡಿಭಾಗಗಳು ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಆ ರಸ್ತೆಯ ಬಗ್ಗೆ ಎಷ್ಟು ಬರೆದರೂ ಸಾಲದು. ಹೆಗಲು ತಾಗುವಷ್ಟು ಇಕ್ಕಟ್ಟಿನ ಅಂಗಡಿ, ನೆಲದಿಂದ ಮಾಡಿನವರೆಗೆ ಪುಟ್ಟ ಪುಟ್ಟ ಡ್ರಾಯರು, ಯಾವ ಡ್ರಾಯರಿನಲ್ಲಿ ಏನಿದೆಯೆಂದು ಹುಡುಗನಿಗೆ ಕಣ್ಣುಮುಚ್ಚಿದರೂ ಗೊತ್ತು. ಮಾವ ಕಣ್ಣೂರಿನ ಕೆಲ್ಟ್ರಾನ್ ಕಾರ್ಖಾನೆಯ ಕಂಡೆನ್ಸರುಗಳನ್ನು ಕೇಳಿ ತರುತ್ತಿದ್ದ ಕಾಲದಲ್ಲೂ ಇಲ್ಲಿಗೇ ಬರುತ್ತಿದ್ದರು. ನಾನು 105 ಡಿಗ್ರಿ ಬಿಸಿಯವರೆಗೆ ತಾಳುವುದನ್ನು ಕೇಳಿದೆ. "85 ಸಾಕಲ್ವಾ ಅಣ್ಣಾ, ಯಾವುದಕ್ಕೆ?" ಅಂದ ಹುಡುಗ. ನಲವತ್ತು ವರ್ಷದ ಕಂಪ್ಯೂಟರಿಗೆ ಅಂದಾಗ ಕೌಂಟರಿನ ಹಿಂದಿದ್ದ ಯಜಮಾನರು ಎದ್ದು ಬಂದು, ತಾವೇ ಮೀಟರಿನಲ್ಲಿ ಅಳೆದು, ಎರಡು ಆರಿಸಿ ಕೊಟ್ಟರು. ಒಟ್ಟು ಖರ್ಚು ನೂರು ರೂಪಾಯಿ ದಾಟಲಿಲ್ಲ.

ಅದನ್ನು ಬೆಸೆದ ಮೇಲೆ ಡಬ್ಬಿ ಟಿಕ್ಕೆನ್ನಲಿಲ್ಲ. ಸ್ಕೂಟರ್ ಬಲ್ಬ್ ಕಿತ್ತಳೆ ಬಣ್ಣಕ್ಕೆ ಬಂತು, ಮೀಟರಿನಲ್ಲಿ 5.05. ಈ ಚಿಪ್ಪುಗಳಿಗೆ 4.75ರಿಂದ 5.25ರವರೆಗೆ ಮಾತ್ರ ಸಮ್ಮತ. ಕೆಳಗಿಳಿದರೆ ಯಂತ್ರ ಹುಚ್ಚುಹುಚ್ಚಾಗಿ ನಡೆದುಕೊಳ್ಳುತ್ತದೆ, ಮೇಲೇರಿದರೆ ಸುಡುತ್ತದೆ. ಆದರೆ ಮೀಟರ್ ಹೇಳುವುದು ಸರಾಸರಿ. ಸರಾಸರಿ ಸರಿಯಿದ್ದೂ ಒಳಗೆ ಸಣ್ಣ ಏರಿಳಿತ ತುಂಬಿರಬಹುದು. ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು. ನೋಡಿದೆ, ಗೆರೆ ನೇರವಾಗಿತ್ತು. ಸ್ಕೋಪ್ ಇಲ್ಲದವರು ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಅದೇ 5 ವೋಲ್ಟಿನ ಮೇಲೆ ಇಟ್ಟರೂ ಒಂದು ಅಂದಾಜು ಸಿಗುತ್ತದೆ.

ಆಮೇಲೆ ತಾಯಿಹಲಗೆ. ಬಿಬಿಸಿ ಮೈಕ್ರೊ ಸ್ವಿಚ್ ಹಾಕಿದಾಗ ಮೊದಲು ಬ್ರ್‌ರ್ ಎಂಬ ಮಂದ್ರದ ಸದ್ದು, ಕೂಡಲೇ ಬೀಪ್ ಎಂಬ ತಾರದ ಸದ್ದು. ಮೊದಲನೆಯದು ಸೌಂಡ್ ಚಿಪ್ಪು ಕರೆಂಟು ಬಂದೊಡನೆ ತನ್ನಷ್ಟಕ್ಕೆ ಮಾಡುವ ಸದ್ದು. ಪ್ರೊಸೆಸರ್ ಎದ್ದು ತನ್ನ ಪ್ರೋಗ್ರಾಂ ಓದಿ ಅದನ್ನು ನಿಲ್ಲಿಸಿ ಎರಡನೆಯದನ್ನು ಹೊರಡಿಸುತ್ತದೆ. ಮಂದ್ರ ನಿಲ್ಲದೆ ಹಾಗೇ ಮುಂದುವರಿದರೆ ಪ್ರೊಸೆಸರ್ ಎದ್ದಿಲ್ಲವೆಂದು ಅರ್ಥ. ಏನೂ ಸದ್ದಿಲ್ಲವಾದರೆ ಮತ್ತೆ ಸಪ್ಲೈ ಕಡೆ ಹೋಗಬೇಕು. ಟಿವಿ ಇಲ್ಲದೆ, ಮೀಟರ್ ಇಲ್ಲದೆ, ಕಿವಿಯಿಂದಲೇ ಅರ್ಧ ರೋಗ ತಿಳಿಯುವ ಈ ಏರ್ಪಾಡು ಮಾವನಿಗೆ ಬಹಳ ಇಷ್ಟವಾಗುತ್ತಿತ್ತು. ನಾವು ಸ್ವಿಚ್ ಹಾಕಿದೆವು. ಎರಡೂ ಸದ್ದು ಬಂದವು. ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ', ಅದರ ಕೆಳಗೆ 'ಬೇಸಿಕ್'. ಮೇಡಂ ಒಂದು ಮಾತೂ ಆಡದೆ ಕುರ್ಚಿ ಎಳೆದುಕೊಂಡು ಕೂತು, ತಾವು ಎಂಟನೆಯ ತರಗತಿಯಲ್ಲಿ ಕಲಿತ ಎರಡು ಸಾಲಿನ ಪ್ರೋಗ್ರಾಂ ಬರೆದರು. ಅವರ ಹೆಸರು ಪರದೆಯ ತುಂಬ ಓಡತೊಡಗಿತು. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳು ಒಳಗೆ ನುಗ್ಗಿದರು.

ಆ ಮಕ್ಕಳಿಗೆ ನಾನು ಒಂದು ಕತೆ ಹೇಳಿದೆ. ಇದೇ ಏಕಾರ್ನ್ ಕಂಪನಿಯ ಇದೇ ವಿಲ್ಸನ್ ಮತ್ತು ಫರ್ಬರ್ ಆಮೇಲೆ ತಮ್ಮದೇ ಪ್ರೊಸೆಸರ್ ಕಟ್ಟಿದರು. ಅದರ ವಿನ್ಯಾಸವನ್ನು ಬಿಬಿಸಿ ಮೈಕ್ರೊ ಮೇಲೆಯೇ, ಬಿಬಿಸಿ ಬೇಸಿಕ್‌ನಲ್ಲಿಯೇ ಬರೆದು ಪರೀಕ್ಷಿಸಿದ್ದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಬಂದಿತು, ಹಾಕಿದೊಡನೆ ಓಡಿತು. ಎಷ್ಟು ಕರೆಂಟು ಎಳೆಯುತ್ತದೆ ನೋಡೋಣವೆಂದು ಫರ್ಬರ್ ಸಪ್ಲೈಯ ದಾರಿಯಲ್ಲಿ ಮೀಟರ್ ಇಟ್ಟರೆ ಅದು ಸೊನ್ನೆ ತೋರಿಸಿತು. ಹುಡುಕಿದಾಗ ತಿಳಿದದ್ದು: ಬೋರ್ಡಿನಲ್ಲಿ ದೋಷವಿದ್ದು ಚಿಪ್ಪಿಗೆ ಸಪ್ಲೈಯೇ ಜೋಡಣೆಯಾಗಿರಲಿಲ್ಲ. ಬೇರೆ ಪಿನ್ನುಗಳಿಗೆ ಬರುವ ಸಂಕೇತಗಳಿಂದ ಸೋರಿದ ಚೂರು ಕರೆಂಟಿನಲ್ಲೇ ಅದು ಓಡುತ್ತಿತ್ತು. ಆ ಚಿಪ್ಪಿನ ಹೆಸರು ಆರ್ಮ್. ಅಷ್ಟು ಕಡಿಮೆ ಉಂಡು ಬದುಕುವ ಗುಣದಿಂದಲೇ ಅದರ ವಂಶ ಇವತ್ತು ನಮ್ಮ ನಿಮ್ಮ ಜೇಬಿನ ಫೋನುಗಳಲ್ಲಿದೆ. ಒಬ್ಬ ಹುಡುಗ ಮೇಡಂ ಅವರ ಫೋನನ್ನೂ ಮೇಜಿನ ಮೇಲಿದ್ದ ಕೆನೆಬಣ್ಣದ ಪೆಟ್ಟಿಗೆಯನ್ನೂ ನೋಡಿ, "ಹಾಗಾದ್ರೆ ಇದು ಅದರ ಅಜ್ಜಿ ಮನೆಯಾ ಸಾರ್?" ಎಂದು ಕೇಳಿದ. ಹೌದು ಅಂದೆ.

ನಿಮ್ಮ ಊರಿನ ಶಾಲೆಯ ಕಪಾಟಿನ ಮೇಲೆ, ಕಾಲೇಜಿನ ಉಗ್ರಾಣದಲ್ಲಿ, ವಿದೇಶದಿಂದ ಚಿಕ್ಕಪ್ಪ ತಂದ ಪೆಟ್ಟಿಗೆಯೊಳಗೆ ಇಂಥ ಯಂತ್ರ ಇನ್ನೂ ಇರಬಹುದು. ಇದ್ದರೆ ಗುಜರಿಯ ತಕ್ಕಡಿಗೆ ಹಾಕಬೇಡಿ, ಆಸೆಪಟ್ಟು ಪ್ಲಗ್ಗನ್ನೂ ಹಾಕಬೇಡಿ. ಟಿವಿ ರಿಪೇರಿ ಬಲ್ಲ ಯಾರನ್ನಾದರೂ ಕರೆದು, ಸಪ್ಲೈಯ ಡಬ್ಬಿ ತೆಗೆಸಿ, ಮೇನ್ಸ್ ಬಾಗಿಲಿನ ಆ ಜೇನುಬಣ್ಣದ ಕಂಡೆನ್ಸರುಗಳನ್ನು ಮೊದಲು ಬದಲಿಸಿ. ಯಂತ್ರ ಸತ್ತಿದೆಯೋ ಇಲ್ಲವೋ ಎಂಬ ಮಾತನ್ನು 5 ವೋಲ್ಟು ಸರಿಯಾಗಿ ಬಂದ ಮೇಲೆ ಆಡೋಣ.